ಆರಿದ್ರಾ ಮಳೆಯೂ ಹತ್ತು ವ್ಯಾಟಿನ ಕ್ಯಾಮೆರಾವೂ

ನಮ್ಮ ಅಡಿಕೆ ತೋಟದ ಹಳ್ಳದಾಚೆಯ ಮೂಲೆಗೆ ಕರೆಂಟಿಲ್ಲ. ಈ ವಿಷಯ ಮಂಗಗಳಿಗೂ ಗೊತ್ತು. ಎಳೆ ಅಡಿಕೆ ಚೀಪಿ ಎಸೆಯುವುದು ಅಲ್ಲೇ. ಹಾಗಾಗಿ ಮೇ ತಿಂಗಳಲ್ಲಿ ಅಲ್ಲೊಂದು ಸೋಲಾರ್ ಕ್ಯಾಮೆರಾ ಕೂರಿಸಿದೆ. ಜಗಲಿಯಲ್ಲಿ ಕವಳ ಹಾಕುತ್ತಾ ಮೊಬೈಲಿನಲ್ಲೇ ಮಂಗ ನೋಡಬಹುದು. "ನೋಡಿ ಏನ್ ಮಾಡ್ತೀರಿ?" ಅಂದಳು ಹೆಂಡತಿ. ಅಷ್ಟು ದೂರ ಯೋಚಿಸಿರಲಿಲ್ಲ.

ಲೆಕ್ಕ ಮಾತ್ರ ಪಕ್ಕಾ ಇತ್ತು. ಕ್ಯಾಮೆರಾ, ಸಿಮ್ ಹಾಕುವ ರೌಟರ್ ಸೇರಿ 10 ವ್ಯಾಟ್. 24 ಗಂಟೆಗೆ 240 ವ್ಯಾಟ್ ಅವರ್. ಪ್ಯಾನೆಲ್ 75 ವ್ಯಾಟಿನದು. ದಿನಕ್ಕೆ ಐದು ಗಂಟೆ ಖಡಕ್ ಬಿಸಿಲು ಸಿಕ್ಕಿ, ವೈರು, ಕಾವು, ಬ್ಯಾಟರಿ ಚಾರ್ಜ್ ನೋಡಿಕೊಳ್ಳುವ ಕಂಟ್ರೋಲರ್ ಕಾಲುಭಾಗ ತಿಂದರೂ 280 ಉಳಿಯುತ್ತದೆ. ಬ್ಯಾಟರಿ 12 ವೋಲ್ಟ್, 40 ಆಂಪಿಯರ್ ಅವರ್. ಗುಣಿಸಿದರೆ 480. ಸೂರ್ಯ ಎರಡು ದಿನ ರಜೆ ಹಾಕಿದರೂ ಚಿಂತೆಯಿಲ್ಲ, ಅಲ್ವಾ? ಹಾಳೆಯನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು. "ಮಳೆಗಾಲ ಎಲ್ಲಿ ಬರ್ದಿದ್ದೀಯ?" ಅಂದರು.

ಆರಿದ್ರಾ ಮಳೆ ಹಿಡಿಯಿತು. ಮೂರನೇ ದಿನ ಮೊಬೈಲಿನಲ್ಲಿ ಮಂಗವೂ ಇಲ್ಲ, ತೋಟವೂ ಇಲ್ಲ.

ಮೋಡದ ದಿನ ಒಂದೂವರೆ ಗಂಟೆ ಬಿಸಿಲಿನಷ್ಟು ಸಿಕ್ಕರೆ ಪುಣ್ಯ. ಅಂದರೆ 85 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನೋ, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಹಾಗಾಗಿ ನನ್ನ 480 ನಿಜದಲ್ಲಿ 240. ಮೋಡದ ದಿನದ ಆ 85 ಸೇರಿಸಿದರೂ ಒಂದೂವರೆ ದಿನದ ದಿನಸಿ! ಸಾಲದ್ದಕ್ಕೆ ಒಂದು ಸೋಗೆಯ ನೆರಳು. ಪ್ಯಾನೆಲಿನ ಸೆಲ್ಲುಗಳು ಒಂದರ ಬಾಲ ಒಂದು ಹಿಡಿದು ಸಾಲಾಗಿರುತ್ತವೆ. ನಾಲ್ಕು ಸೆಲ್ಲಿಗೆ ನೆರಳು ಬಿದ್ದರೆ ಪಕ್ಕದವೂ ಕೆಲಸ ಬಿಡುತ್ತವೆ. ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡರ ತಂಡದ ಹಾಗೇ.

ಮಳೆಗಾಲ ಸೇರಿಸಿ ಹೊಸ ಲೆಕ್ಕ ಬರೆದೆ. ಪ್ಯಾನೆಲ್ 215 ವ್ಯಾಟಾದರೂ ಬೇಕು. ಬಿಸಿಲೇ ಇಲ್ಲದ ಮೂರು ದಿನ ತಡೆಯಲು ಬ್ಯಾಟರಿ 120 ಆಂಪಿಯರ್ ಅವರ್. ತರಿಸಿದೆ. ಹಾಳೆಯ ಮೇಲೆ ಅದರ ತೂಕ ಗೊತ್ತಾಗಿರಲಿಲ್ಲ. ಅಡ್ಡಗೋಲಿಗೆ ಕಟ್ಟಿ ನಾನೂ ಭಾವನೂ ಹೊತ್ತೆವು. ಸಂಕದ ನಟ್ಟನಡುವೆ, ಕೆಳಗೆ ಹಳ್ಳ ಭೋರ್ಗರೆಯುವಾಗ, ಭಾವ ನಿಂತುಬಿಟ್ಟ. "ಭಾವ, ಮಂಗಗಳಿಗೆ ದಿನಾ ಬಾಳೆಹಣ್ಣು ಕೊಟ್ಟಿದ್ರೂ ಇದಕ್ಕಿಂತ ಅಗ್ಗ ಆಗ್ತಿತ್ತು" ಅಂದ. ಉತ್ತರ ಕೊಡಲು ಉಸಿರಿರಲಿಲ್ಲ.

ರಾತ್ರಿ ಸೊಂಟಕ್ಕೆ ಎಣ್ಣೆ ಹಚ್ಚುತ್ತಾ ಹೆಂಡತಿ ಮೊಬೈಲಿಗೆ ಇಣುಕಿದಳು. ಕಪ್ಪುಬಿಳುಪು ತೋಟ, ಸುಮ್ನೆ ಮಳೆ.

"ಅಲ್ರೀ, ಮಂಗ ರಾತ್ರಿ ಬರ್ತವಾ?"

ಕತ್ತಲಲ್ಲಿ ನೋಡಲು ಕ್ಯಾಮೆರಾ ಹಚ್ಚಿಕೊಳ್ಳುವ, ಕಣ್ಣಿಗೆ ಕಾಣದ ದೀಪಗಳೇ ಜಾಸ್ತಿ ಕರೆಂಟು ತಿನ್ನುವುದು. ಮಂಗಗಳು ಮರದಲ್ಲಿ ಮಲಗಿರುತ್ತಿದ್ದವು. ಅವುಗಳನ್ನು ಕಾಯಲು ಕ್ಯಾಮೆರಾ ಎದ್ದಿರುತ್ತಿತ್ತು.

ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸುವ ಟೈಮರ್ ಬೆಂಕಿಪೊಟ್ಟಣದಷ್ಟಿದೆ. ಜೇಬಲ್ಲಿ ಹಾಕಿಕೊಂಡು ಸಂಕ ದಾಟಿದೆ. ಭಾವನಿಗೆ ಇನ್ನೂ ಹೇಳಿಲ್ಲ.