ಗೋಡೆಯಾಚೆಯ ಪಿಸುಮಾತು ಮೊಬೈಲಿಗೆ ಕೇಳುತ್ತದೆಯೇ?

"ಈ ಆಪ್ ಹಾಕಿ, ಪಕ್ಕದ ಮನೆಯ ಪಿಸುಮಾತೂ ಮೊಬೈಲಿನಲ್ಲಿ ಕೇಳುತ್ತದೆ" ಎಂಬ ವಾಟ್ಸ್‌ಆಪ್ ಸಂದೇಶ ಸುಳ್ಳು.

ಸತ್ಯಾಂಶ: ಮೊಬೈಲ್ ಮೈಕಿನ ಸಿಲಿಕಾನ್ ಪೊರೆ ಸುಮಾರು 1 ಮಿಲಿಮೀಟರ್ ಅಗಲ, ಕೆಲವೊಮ್ಮೆ ಅದಕ್ಕೂ ಕಡಿಮೆ. ಕೋಣೆ ಎಷ್ಟೇ ನಿಶ್ಶಬ್ದವಾಗಿರಲಿ, ಗಾಳಿಯ ಅಣುಗಳು ಅದಕ್ಕೆ ಬಡಿಯುತ್ತಲೇ ಇರುತ್ತವೆ. ದೊಡ್ಡ ಪೊರೆಯ ಮೇಲೆ ಈ ಏಟುಗಳು ಬಹುಪಾಲು ಸರಿದೂಗುತ್ತವೆ. ಪುಟ್ಟದರ ಮೇಲೆ ಅಷ್ಟು ಸರಿದೂಗುವುದಿಲ್ಲ, ಉಳಿದದ್ದು ಗದ್ದಲವಾಗುತ್ತದೆ. ಪೊರೆಗೂ ಅದರ ಹಿಂದಿನ ತೂತುಗಳಿರುವ ತಟ್ಟೆಗೂ ನಡುವೆ ಕೆಲವೇ ಮೈಕ್ರಾನ್ ಸಂದಿ. ಅಲ್ಲಿ ಸಿಕ್ಕಿಕೊಂಡ ಗಾಳಿಯ ಘರ್ಷಣೆಯಿಂದಲೂ ಗದ್ದಲ ಹುಟ್ಟುತ್ತದೆ. ಅದರ ಮೇಲೆ ಆಂಪ್ಲಿಫೈಯರಿನದು ಬೇರೆ.

ಮೈಕಿನ ಡೇಟಾಶೀಟಿನಲ್ಲಿ (ತಯಾರಕರ ವಿವರ ಪಟ್ಟಿ) ಎಸ್‌ಎನ್‌ಆರ್, ಅಂದರೆ ಪ್ರಮಾಣಿತ ಸದ್ದಿಗೂ ಮೈಕಿನ ಗದ್ದಲಕ್ಕೂ ಇರುವ ಅಂತರ, 65 ಡೆಸಿಬೆಲ್ ಎಂದಿದ್ದರೆ ಅದನ್ನು ಆ ಪ್ರಮಾಣಿತ ಸದ್ದಿನ ಮಟ್ಟವಾದ 94ರಿಂದ ಕಳೆಯಿರಿ. ಉಳಿಯುವ 29 ಡೆಸಿಬೆಲ್ ಮೈಕಿನ ಸ್ವಂತ ಗದ್ದಲ. ಗೋಡೆ ದಾಟುವಷ್ಟರಲ್ಲಿ 10 ಡೆಸಿಬೆಲ್‌ಗೆ ಇಳಿದ ಪಿಸುಮಾತು ಅದರಡಿ ಮುಳುಗಿಹೋಗುತ್ತದೆ. ಆಪ್ ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಏರಿಸಿದರೆ ಮಾತು, ಗದ್ದಲ ಎರಡೂ ಒಟ್ಟಿಗೇ ಏರುತ್ತವೆ. 'ಸ್‌ಸ್' ಎನ್ನುವ ಸದ್ದು ಜೋರಾಗುತ್ತದೆ, ಅಷ್ಟೆ.

ಒಂದೇ ಬಗೆಯ 4 ಮೈಕುಗಳ ಸಿಗ್ನಲ್ ಕೂಡಿಸಿದರೆ ಗದ್ದಲಕ್ಕೆ ಹೋಲಿಸಿ ಮಾತಿಗೆ 6 ಡೆಸಿಬೆಲ್ ಲಾಭವಿದೆ. ಬಯಲಿನಲ್ಲಿ ಮಾತಾಡುವವರಿಂದ ಇರುವ ದೂರವನ್ನು ಅರ್ಧಕ್ಕೆ ಇಳಿಸಿದರೂ ಅಷ್ಟೇ ಲಾಭ. ರೆಕಾರ್ಡಿಂಗ್ ಚೆನ್ನಾಗಿ ಬರಬೇಕೆಂದರೆ ಆಪ್ ಹುಡುಕಬೇಡಿ, ಮೈಕನ್ನು ಹತ್ತಿರ ಒಯ್ಯಿರಿ.