ಆ ಎರಡು ಬಣ್ಣದ ನದಿ ಬೆರೆಯುತ್ತದೆ: ಒಂದು ಸ್ಪಷ್ಟನೆ

ನಮ್ಮ ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ಬ್ರೆಜಿಲಿನಲ್ಲಿ ಕಪ್ಪು ನದಿ, ಕಂದು ನದಿ ಪಕ್ಕಪಕ್ಕ ಹರಿದರೂ ಕಡಲು ಸೇರುವವರೆಗೆ ಬೆರೆಯುವುದೇ ಇಲ್ಲವಂತೆ. ವಿಡಿಯೋ ನಿಜ, ಮಾತು ಸುಳ್ಳು.

ಜಾಗ ಮನೌಸ್ ನಗರದ ಹತ್ತಿರ. ಕಪ್ಪು ನೀರು ರಿಯೊ ನೀಗ್ರೊದ್ದು. ಕಾಡಿನ ಎಲೆ ಕೊಳೆತು ಕಣ್ಣ ಚಾಯದ (ಹಾಲು ಹಾಕದ ಚಹಾದ) ಬಣ್ಣ ಬಂದಿದೆ. ಕಂದು ನೀರು ಸೊಲಿಮೋಯಿಸ್‌ನದ್ದು, ಅಂದರೆ ಅಮೆಜಾನಿನದ್ದೇ. ಅಲ್ಲಿ ಅದಕ್ಕೆ ಆ ಹೆಸರು, ಅಷ್ಟೆ. ಆಂಡೀಸ್ ಬೆಟ್ಟದ ಮಣ್ಣು ಹೊತ್ತು ಬರುತ್ತದೆ. ಇದು ತಣ್ಣಗೆ, ವೇಗವೂ ಜಾಸ್ತಿ. ನೀಗ್ರೊ ಬೆಚ್ಚಗೆ, ನಿಧಾನ. ಹಾಗಾಗಿ ಸುಮಾರು 6 ಕಿ.ಮೀ. ಬೇರೆಬೇರೆಯಾಗಿ ಕಾಣುತ್ತವೆ. ಆಮೇಲೆ ಬೆರೆಯುತ್ತವೆ. ಕಡಲು ಅಲ್ಲಿಂದ 1,000 ಕಿ.ಮೀ.ಗೂ ಆಚೆ!

ಮಳೆಗಾಲದಲ್ಲಿ ನಮ್ಮ ಚಂದ್ರಗಿರಿ ಅಳಿವೆಯಲ್ಲೂ ಕೆಂಪು ನೀರು ಕಡಲೊಳಗೆ ಗೆರೆ ಎಳೆದ ಹಾಗೆ ಕಾಣುತ್ತದೆ, ಅಲ್ವಾ? ಅದನ್ನು ಯಾರೂ ಪವಾಡ ಅನ್ನುವುದಿಲ್ಲ.