ರೇಶಿಯೋ ಕಂಟ್ರೋಲ್: ಭಾಗಿಸಬೇಡಿ, ಗುಣಿಸಿ

"ಎರಡು ಫ್ಲೋ ಅಳೆಯಿರಿ, ಒಂದನ್ನು ಇನ್ನೊಂದರಿಂದ ಭಾಗಿಸಿ, ಬಂದ ಅನುಪಾತವನ್ನು ಕಂಟ್ರೋಲರ್‌ಗೆ ಕೊಡಿ. ರೇಶಿಯೋ ಕಂಟ್ರೋಲ್ ಅಂದ್ರೆ ಇಷ್ಟೇ." ಇನ್‌ಸ್ಟ್ರುಮೆಂಟೇಶನ್ ಕಲಿಯುವವರ ನಡುವೆ ಈ ಮಾತು ಓಡಾಡುತ್ತಿದೆ. ಎರಡು ಹರಿವುಗಳನ್ನು (ಫ್ಲೋ) ಬೇಕಾದ ಅನುಪಾತದಲ್ಲಿ ಇಡೋದೇ ರೇಶಿಯೋ ಕಂಟ್ರೋಲ್. ಲೆಕ್ಕ ಸರಿಯೇ, ಆದರೆ ಪ್ಲಾಂಟಿನಲ್ಲಿ ಕೈಕೊಡುತ್ತದೆ.

ಒಂದು ಗ್ಯಾಸ್ ಬರ್ನರ್ ತಗೊಳ್ಳಿ. ಗಾಳಿಯನ್ನು ಗ್ಯಾಸಿನಿಂದ ಭಾಗಿಸುತ್ತೀರಿ. ಗ್ಯಾಸ್ 100ರಿಂದ 20ಕ್ಕೆ ಇಳಿಯಿತು ಅನ್ನಿ. ಈಗ ಗಾಳಿಯಲ್ಲಿ ಅಷ್ಟೇ ಬದಲಾವಣೆ ಆದರೂ ಅನುಪಾತ 5 ಪಟ್ಟು ಜಾಸ್ತಿ ಅಲುಗಾಡುತ್ತದೆ. ಫುಲ್ ಲೋಡಿನಲ್ಲಿ ಟ್ಯೂನ್ ಮಾಡಿದ ಲೂಪ್ (ಮೀಟರ್, ಕಂಟ್ರೋಲರ್, ವಾಲ್ವ್ ಸೇರಿದ ಸರಪಳಿ) ಕಡಿಮೆ ಲೋಡಿನಲ್ಲಿ ತೂಗಾಡೋದು ಇದಕ್ಕೇ. ಪಾಪ, ಬೈಗುಳ ಮಾತ್ರ ವಾಲ್ವಿಗೆ! ಇನ್ನು ಗ್ಯಾಸ್ ಸೊನ್ನೆಯಾದರೆ ಭಾಗಾಕಾರವೇ ಇಲ್ಲ, ಅಲ್ವಾ?

ಸರಿಯಾದ ದಾರಿ ಗುಣಾಕಾರ. ಗ್ಯಾಸ್ ಫ್ಲೋವನ್ನು ಬೇಕಾದ ಅನುಪಾತದಿಂದ ಗುಣಿಸಿ, ಅದನ್ನು ಗಾಳಿಯ ಫ್ಲೋ ಕಂಟ್ರೋಲರ್‌ಗೆ ಸೆಟ್‌ಪಾಯಿಂಟ್ (ಮುಟ್ಟಬೇಕಾದ ಗುರಿ) ಆಗಿ ಕೊಡಿ. ಒಂದು ಪಾಲು ನ್ಯಾಚುರಲ್ ಗ್ಯಾಸಿಗೆ, ಗಾತ್ರದ ಲೆಕ್ಕದಲ್ಲಿ, ಸುಮಾರು 10 ಪಾಲು ಗಾಳಿ ಬೇಕು. ಹಾಗಾಗಿ ಗ್ಯಾಸ್ 20 ಇದ್ದರೆ ಗಾಳಿ 200. ಭಾಗಿಸಿ ಬಂದ ಅಂಕಿಯನ್ನು ಸುಮ್ನೆ ಸ್ಕ್ರೀನಿನಲ್ಲಿ ತೋರಿಸಿ, ತೊಂದರೆಯಿಲ್ಲ.

ಆರಿಫೈಸ್ ಮೀಟರ್ (ಪೈಪಿನೊಳಗೆ ತೂತಿನ ತಟ್ಟೆ ಇಟ್ಟು, ಅದರ ಎರಡು ಬದಿಯ ಒತ್ತಡದ ವ್ಯತ್ಯಾಸದಿಂದ ಫ್ಲೋ ಅಳೆಯುವ ಮೀಟರ್) ಇದ್ದರೆ ಮೊದಲು ಆ ವ್ಯತ್ಯಾಸದ ವರ್ಗಮೂಲ ತೆಗೆಯಿರಿ. ಅಲ್ಲಿ ಫ್ಲೋ ಅರ್ಧವಾದರೆ ಒತ್ತಡದ ವ್ಯತ್ಯಾಸ ಕಾಲು ಭಾಗಕ್ಕೆ ಇಳಿಯುತ್ತದೆ.